ತೆರವಾದ ಒಂದು ಸ್ಥಾನ



ಶಾಸನಸಭೆಯ ಒಂದು ಸ್ಥಾನ ತೆರವಾದರೆ ರಾಜ್ಯಭಾರವೇನೂ ನಿಲ್ಲುವುದಿಲ್ಲ. ಆದರೂ ಪ್ರಜಾಪ್ರಭುತ್ವವು ಆ ಬರಿದನ್ನು ಸಹಿಸಿದ್ದಿಲ್ಲ. 1789ರಲ್ಲಿ ಜಾರಿಗೆ ಬಂದ ಅಮೆರಿಕದ ಸಂವಿಧಾನವು, ಪ್ರತಿನಿಧಿಸಭೆಯ ಸ್ಥಾನ ತೆರವಾದಲ್ಲಿ ಚುನಾವಣೆಯನ್ನೇ ನಡೆಸಬೇಕೆಂದು ವಿಧಿಸಿತು, ನೇಮಕಕ್ಕೆ ಎಡೆಗೊಡಲಿಲ್ಲ. ನಮ್ಮ 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ ತತ್ತ್ವವೂ ಅದೇ. ಸಾರ್ವತ್ರಿಕ ಚುನಾವಣೆಯಲ್ಲಿ ನೂರು ಪ್ರಶ್ನೆಗಳು ಕಲಸಿಹೋಗಿರುತ್ತವೆ. ಉಪಚುನಾವಣೆಯಲ್ಲಿ ಒಮ್ಮೊಮ್ಮೆ ಒಂದೇ ಪ್ರಶ್ನೆ ಎದ್ದು ನಿಲ್ಲುತ್ತದೆ. 1953ರಲ್ಲಿ ನಮ್ಮ ಸೀಮೆಯಲ್ಲಿ ಎದ್ದು ನಿಂತದ್ದು ಕನ್ನಡದ ಪ್ರಶ್ನೆ.

ಅದರ ಬೇರೊಂದು ರೋಣ ತಾಲ್ಲೂಕಿನ ಜಕ್ಕಲಿಯಲ್ಲಿದೆ. ಆಗ ರೋಣ, ನರಗುಂದ, ಗಜೇಂದ್ರಗಡಗಳು ಧಾರವಾಡ ಜಿಲ್ಲೆಯಲ್ಲಿದ್ದವು, ಧಾರವಾಡವು ಮುಂಬಯಿ ರಾಜ್ಯದಲ್ಲಿ. ಇಲ್ಲಿಯ ಎರೆಹೊಲದ ಒಕ್ಕಲಿಗನ ಅಹವಾಲು ಇತ್ಯರ್ಥವಾಗುತ್ತಿದ್ದುದು ಕನ್ನಡಿಗರು ಅಲ್ಪಸಂಖ್ಯಾತರಾಗಿದ್ದ ಸಭೆಯಲ್ಲಿ. 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರು ಪ್ರಾಣತ್ಯಾಗ ಮಾಡಿದ ಮೇಲೆ ಆಂಧ್ರಕ್ಕೆ ಒಪ್ಪಿಗೆ ದೊರೆಯಿತು. ಹೈದರಾಬಾದಿನ ನಾನಲ್ ನಗರದಲ್ಲಿ ಕೂಡಿದ ಕಾಂಗ್ರೆಸ್ ಅಧಿವೇಶನ ಕರ್ನಾಟಕದ ಮಾತಿಗೆ ಮಾತ್ರ ಕಿವಿಗೊಡಲಿಲ್ಲ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ತಾವೇ ಕಾಂಗ್ರೆಸ್ಸಿಗರು. ಅವರು ಮುಂಬಯಿ ವಿಧಾನಸಭೆಯ ಸದಸ್ಯತ್ವಕ್ಕೆ ರಾಜೀನಾಮೆಯಿತ್ತು ಉಪವಾಸಕ್ಕೆ ಕುಳಿತರು. ಇಂದು ರಾಜೀನಾಮೆ ಎಂದೊಡನೆ ನಮಗೆ ಪಕ್ಷಾಂತರದ ನೆನಪಾಗುತ್ತದೆ. ಆ ಪದಕ್ಕೆ ಬೇರೊಂದು ಅರ್ಥವೂ ಇದ್ದ ಕಾಲವದು.

ಅದರ ಬೆನ್ನಿಗೇ ಅದರಗುಂಚಿಯ ಶಂಕರಗೌಡ ಪಾಟೀಲರ ಉಪವಾಸ. ಏಪ್ರಿಲಿನಲ್ಲಿ ಹುಬ್ಬಳ್ಳಿಯ ಜನ ಬೀದಿಗಿಳಿದರು. ಲಾಠಿ ಬೀಸಿತು, ಬಂಧನಗಳಾದವು. ಬೀದಿಯ ಕೂಗನ್ನು ಗಲಭೆಯೆಂದು ತಳ್ಳಿಹಾಕಬಹುದು, ಮತಪೆಟ್ಟಿಗೆಯನ್ನು ತಳ್ಳಿಹಾಕುವುದು ಕಷ್ಟ. ಹುಬ್ಬಳ್ಳಿ–ಧಾರವಾಡ ಭಾಗದಲ್ಲಿ ಆ ಬಳಿಕ ನಡೆದ ಚುನಾವಣೆಯಲ್ಲಿ ಕರ್ನಾಟಕ ಏಕೀಕರಣ ಪಕ್ಷದ ಎದುರು ಕಾಂಗ್ರೆಸ್ ಸೋತಿತು. ಸ್ವಾತಂತ್ರ್ಯ ಹೋರಾಟದ ಕಾಲದಿಂದ ಅದನ್ನೇ ನಂಬಿದ್ದ ನಾಡು ಇದು! ಮತದಾರರು ಗಾಂಧೀಜಿಯನ್ನು ಮರೆತಿದ್ದರೆಂದು ನನಗನ್ನಿಸುವುದಿಲ್ಲ. ಒಂದು ಪ್ರಶ್ನೆಗೆ ಒಂದು ಉತ್ತರ ಕೊಟ್ಟರು, ಅಷ್ಟೆ.

ಅದೇ ವರ್ಷದ ಡಿಸೆಂಬರಿನಲ್ಲಿ ನೆಹರೂ ಸರಕಾರ ಫಜಲ್ ಅಲಿ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವನ್ನು ನೇಮಿಸಿತು. ಅದಕ್ಕೆ ಈ ಸೋಲೊಂದೇ ಕಾರಣವೆಂದರೆ ಅತಿಶಯೋಕ್ತಿಯಾದೀತು, ಆಂಧ್ರದ ಒತ್ತಡವೂ ಇತ್ತು. ಆದರೆ ಕನ್ನಡಿಗರಿಗೆ ಏಕೀಕರಣ ಬೇಕಿಲ್ಲ, ಅದು ಕೆಲವು ಸಾಹಿತಿಗಳ ಹಂಬಲ ಮಾತ್ರ ಎನ್ನುತ್ತಿದ್ದವರಿಗೆ ಅನಂತರ ಆಧಾರ ಉಳಿಯಲಿಲ್ಲ.

1956ರ ನವೆಂಬರ್ 1ರಂದು ನಾಡು ಒಂದಾಯಿತು. 1957ರ ಚುನಾವಣೆಯಲ್ಲಿ ರೋಣದ ಮತದಾರರು ದೊಡ್ಡಮೇಟಿಯವರನ್ನೇ ಆರಿಸಿದರು, ಅದೂ ಕಾಂಗ್ರೆಸ್ಸಿನಿಂದಲೇ. ಈ ಸಲ ಅವರು ಹೋದದ್ದು ಮುಂಬಯಿಗಲ್ಲ, ಬೆಂಗಳೂರಿಗೆ. ಆ ರಾಜ್ಯದ ಹೆಸರು ಇನ್ನೂ ಮೈಸೂರೆಂದೇ ಇತ್ತು; ಕರ್ನಾಟಕವೆಂಬ ಹೆಸರಿಗಾಗಿ ಕನ್ನಡಿಗರು 1973ರವರೆಗೆ ಕಾಯಬೇಕಾಯಿತು.