ಕೊಟ್ಟಿಗೆಯಲ್ಲಿ ಉಮೇದುವಾರಿ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)

 

ವಿದ್ವಾಂಸರು ಮಾತನಾಡಿದ ಬಳಿಕ ದನ ಸಾಕುವವನೊಬ್ಬನು ಎದ್ದು ನಿಂತುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಅಪ್ಪಣೆಯಾದುದರಿಂದ, ಸಣ್ಣ ಪಶುಶಾಲೆಗಳಲ್ಲಿ ಕೆಲಸ ಕಲಿಯಹೋಗುವ ತರುಣರ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡಿಕೊಳ್ಳುವೆನು.

ಹಿಂದೆ ರೈತನ ಮಗನು ಹಟ್ಟಿಯಲ್ಲಿಯೇ ಬೆಳೆದು ಹಟ್ಟಿಯ ವಿದ್ಯೆಯನ್ನು ಕಲಿಯುತ್ತಿದ್ದನು. ಈಗ ಪಟ್ಟಣದಲ್ಲಿ ಹುಟ್ಟಿದವರೂ ಅದನ್ನು ಅರಸಿ ಬರುತ್ತಿರುವರು. ಇಂಗ್ಲೆಂಡಿನಲ್ಲಿ 1971ನೆಯ ಇಸವಿಯಲ್ಲಿ ಸೂ ಕೊಪ್ಪರ್ಡ್ ಎಂಬ ಮಹಿಳೆಯು, ಪೇಟೆಯವರು ವಾರದ ಕೊನೆಯಲ್ಲಿ ಹೊಲಗಳಿಗೆ ಹೋಗಿ ದುಡಿಯುವ ಏರ್ಪಾಡೊಂದನ್ನು ಮಾಡಿದಳು. ಕೂಲಿಯಿಲ್ಲ, ದುಡಿಮೆಗೆ ಪ್ರತಿಯಾಗಿ ಊಟ, ವಸತಿ, ಕಲಿಕೆ. ‘ವೂಫ್’ ಎಂಬ ಹೆಸರಿನ ಆ ಪದ್ಧತಿಯು ಇಂದು ಅನೇಕ ದೇಶಗಳಲ್ಲಿ ಹಬ್ಬಿರುವುದು. ನಮ್ಮ ದೇಶದಲ್ಲಿಯೂ ಪಶುವೈದ್ಯ ಪದವಿಯ ಐದೂವರೆ ವರ್ಷಗಳಲ್ಲಿ ಕೊನೆಯ 1 ವರ್ಷವು ಪ್ರತ್ಯಕ್ಷ ಅಭ್ಯಾಸಕ್ಕೆ ಮೀಸಲಾಗಿದೆ. ಪುಸ್ತಕದಿಂದ ಬಾರದ ವಿದ್ಯೆಯೊಂದುಂಟೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯು ಬೇಡ.

ಆದರೆ ಈ ವಿದ್ಯೆಗೆ ಕೊಡಬೇಕಾದ ಬೆಲೆಯು ಸಣ್ಣದಲ್ಲ. ನಾನು ಇಪ್ಪತ್ತರ ಪ್ರಾಯದಲ್ಲಿ ಆರು ಹಸುಗಳಿದ್ದ ಕೊಟ್ಟಿಗೆಯೊಂದರಲ್ಲಿ ಉಮೇದುವಾರನಾಗಿದ್ದೆನು. ಒಂದು ರಾತ್ರಿ ಯಜಮಾನರು ಪರಸ್ಥಳಕ್ಕೆ ಹೋಗಿದ್ದಾಗ ಹಸುವೊಂದು ಈದಿತು. ಸತ್ತೆ ಬೀಳುವವರೆಗೆ ಕರುವಿಗೆ ಗಿಣ್ಣುಹಾಲು ಕುಡಿಸಬಾರದೆಂದು ಹಳಬರು ಹೇಳುವುದನ್ನು ಕೇಳಿದ್ದೆನು. ಕರುವು ಎದ್ದು ಕೆಚ್ಚಲನ್ನು ಹುಡುಕುತ್ತಿದ್ದರೂ ಬೆಳಗಾಗುವವರೆಗೆ ಅದನ್ನು ದೂರ ಕಟ್ಟಿದೆನು. ಐದನೆಯ ದಿನ ಅದು ಭೇದಿಯಿಂದ ಸತ್ತಿತು.

ಯಜಮಾನರು ಗದರಿಸಲಿಲ್ಲ. “ಹೇಳಿಕೊಡದೆ ನಿನ್ನೊಬ್ಬನನ್ನೇ ಬಿಟ್ಟುಹೋದುದು ನನ್ನ ತಪ್ಪು, ಕೇಳದೆ ಮಾಡಿದುದು ನಿನ್ನ ತಪ್ಪು” ಎಂದು ಮಾತ್ರ ಹೇಳಿದರು. ಬಳಿಕ ಕಾರಣವನ್ನು ವಿವರಿಸಿದರು. ಕರುವಿಗೆ ಗರ್ಭದಲ್ಲಿ ತಾಯಿಯಿಂದ ರೋಗನಿರೋಧಕ ಶಕ್ತಿಯು ದೊರೆಯದು. ಅದು ಗಿಣ್ಣಿನಿಂದಲೇ ಬರಬೇಕು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಕರುಳು ಅದನ್ನು ಚೆನ್ನಾಗಿ ಹೀರುವುದು; ಸುಮಾರು 24 ಗಂಟೆಗಳಲ್ಲಿ ಆ ಬಾಗಿಲು ಮುಚ್ಚುವುದು. ಆದುದರಿಂದ ಮೊದಲ ಒಂದೆರಡು ಗಂಟೆಗಳೊಳಗೆ ಕುಡಿಸತಕ್ಕದ್ದು. ಕರು ಮೊಲೆಯುಂಡರೆ ಸತ್ತೆ ಬೀಳುವುದಕ್ಕೂ ಸಹಾಯವಾಗುವುದೇ ಹೊರತು ಅಡ್ಡಿಯಾಗದು. ಆ ಕರುವು ನನಗೆ ಕಲಿಸಿದುದನ್ನು ನಾನಿನ್ನೂ ಮರೆತಿಲ್ಲ.

ಈ ಎರಡು ತಪ್ಪುಗಳಿಂದ ಎರಡು ಧರ್ಮಗಳು ಹೊರಡುವುವು. ಮೊದಲನೆಯದು ಯಜಮಾನನ ಧರ್ಮ. ಕಲಿಯಬಂದವನು ಸಂಬಳವಿಲ್ಲದ ಆಳಲ್ಲ. ಸಗಣಿ ಬಾಚುವುದನ್ನಷ್ಟೇ ಮಾಡಿಸಿ, ಹಾಲು ಕರೆಯುವುದನ್ನೂ ಹೆರಿಗೆಯನ್ನೂ ರೋಗದ ಲಕ್ಷಣವನ್ನೂ ತೋರಿಸದೆ ಕಳುಹಿಸುವವನು ಅವನ ಆಯುಷ್ಯವನ್ನು ಕದ್ದಂತೆಯೇ ಸರಿ. ಹೊತ್ತಿಗೆ ಊಟ, ಸಾಕಷ್ಟು ವಿಶ್ರಾಂತಿ, ಕೇಳಿದ ಪ್ರಶ್ನೆಗೆ ಉತ್ತರ, ಇವು ಅವನಿಗೆ ಸಲ್ಲತಕ್ಕವು.

ಎರಡನೆಯದು ಕಲಿಯುವವನ ಧರ್ಮ. ಪಶುವಿಗೆ ಹಬ್ಬವಿಲ್ಲ, ರಜೆಯಿಲ್ಲ. ಕರೆಯುವ ಹೊತ್ತು ತಪ್ಪಿದರೆ ಕೆಚ್ಚಲು ನೋಯುವುದು. ಹೆಬ್ಬೆರಳನ್ನು ಮಡಿಚಿ ಹಿಂಡದೆ ಮುಷ್ಟಿಯಿಂದ ಕರೆಯಬೇಕು. ಕಂದು ಹಾಕಿದ ಹಸುವಿನ ಪಿಂಡವನ್ನಾಗಲಿ ಸತ್ತೆಯನ್ನಾಗಲಿ ಬರಿಗೈಯಿಂದ ಮುಟ್ಟಬಾರದು. ಬ್ರೂಸೆಲ್ಲಾ ರೋಗವು ಆ ಮಾರ್ಗವಾಗಿಯೂ ಹಸಿ ಹಾಲಿನಿಂದಲೂ ಮನುಷ್ಯನಿಗೆ ಅಂಟುವುದು. ಎಲ್ಲಕ್ಕಿಂತ ಮಿಗಿಲಾಗಿ, ತಿಳಿಯದುದನ್ನು ತಿಳಿಯದೆಂದು ಹೇಳಲು ನಾಚಬಾರದು.

ಒಂದು ವಾರ ಬಂದು ಹೋಗುವವನಿಗೆ ಕೊಟ್ಟಿಗೆಯ ಪರಿಚಯವಾದೀತು, ಹಸುವಿನ ಪರಿಚಯವಾಗದು. ಹಸುವು ಗಬ್ಬವಾಗಿ ಈಯುವುದಕ್ಕೆ ಸುಮಾರು 280 ದಿನಗಳು ಬೇಕು. ಆ ಒಂದು ಆವರ್ತವನ್ನಾದರೂ ಕಣ್ಣಾರೆ ಕಂಡವನು ಸಾಕುವೆನೆಂದು ಹೇಳಲು ಅರ್ಹನು.

ಇಲ್ಲಿ ನೆರೆದಿರುವ ಭಕ್ತರಲ್ಲಿ ಹಟ್ಟಿಯುಳ್ಳವರು ಅನೇಕರಿರುವರು; ಕೆಲಸವನ್ನರಸುವ ಮಕ್ಕಳುಳ್ಳವರೂ ಇರುವರು. ಹಟ್ಟಿಯುಳ್ಳವರು ಒಬ್ಬೊಬ್ಬ ತರುಣನಿಗೆ ಬಾಗಿಲು ತೆರೆಯಲಿ. ತರುಣರು ವಿನಯದಿಂದ ಒಳಹೊಗಲಿ. ನನ್ನ ಕೈಯಲ್ಲಿ ಸತ್ತ ಕರುವಿನಂತೆ ಇನ್ನೊಂದು ಸಾಯದಿದ್ದರೆ ನನ್ನ ಮಾತು ಸಾರ್ಥಕವಾಯಿತೆಂದು ತಿಳಿಯುವೆನು.