ಕುಗ್ಗಿದ ಸೇತುವೆ
ಸ್ಕಾಟ್ಲೆಂಡಿನ ಫೋರ್ತ್ ರೈಲು ಸೇತುವೆ ಸಂಚಾರಕ್ಕೆ ತೆರೆದದ್ದು 1890ರಲ್ಲಿ. ಉದ್ದ ಸುಮಾರು ಎರಡೂವರೆ ಕಿಲೋಮೀಟರ್. ಮಾದರಿ ರೈಲಿನ ಹವ್ಯಾಸಿಗಳು ಅದನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿದರೂ 28 ಮೀಟರ್ ಜಾಗ ಬೇಕು. ಅಷ್ಟುದ್ದದ ಕೋಣೆ ಯಾರ ಮನೆಯಲ್ಲಿದೆ? ಹಾಗಾಗಿ ಉದ್ದಕ್ಕೆ ಕತ್ತರಿ ಬೀಳಲೇಬೇಕು. ಇದು ಮೋಸವಲ್ಲವೇ ಎಂದು ಅಳತೆಪಟ್ಟಿ ಹಿಡಿದವರು ಕೇಳುತ್ತಾರೆ. ತಳ್ಳಿಹಾಕುವ ಆಕ್ಷೇಪವೇನಲ್ಲ. ಆದರೆ ನಾವು ಆ ಸೇತುವೆಯನ್ನು ಗುರುತಿಸುವುದು ಮೀಟರುಗಳಿಂದಲ್ಲ, ಎರಡೂ ಕಡೆ ತೋಳು ಚಾಚಿ ನಿಂತ ಮೂರು ಉಕ್ಕಿನ ಗೋಪುರಗಳಿಂದ. ದಡದ ಕಡೆಯ ಕಂಬಗಳನ್ನು ಕಡಿಮೆ ಮಾಡಿ, ತೋಳುಗಳನ್ನೂ ತುಸು ಮೊಟಕುಗೊಳಿಸಿ; ಫೋರ್ತ್ ಫೋರ್ತಾಗಿಯೇ ಉಳಿಯುತ್ತದೆ. ಒಂದು ಗೋಪುರ ಕೈಬಿಟ್ಟರೆ, ಮಿಕ್ಕ ಅಳತೆಯೆಲ್ಲ ಕರಾರುವಾಕ್ಕಾಗಿದ್ದರೂ, ಅದು ಬೇರೆಯದೇ ಸೇತುವೆ. ಇನ್ನು ರೈಲು ತೂರುವ ಅಗಲ, ಎತ್ತರಗಳನ್ನಂತೂ ಹೀಗೆ ಮೊಟಕುಮಾಡುವಂತಿಲ್ಲ. ಮಾಡಿದರೆ ಎಂಜಿನ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.