ಬೀದಿಬದಿಯ ಕಟ್ಟುಪಾಡು

ಮೇಲಿನವರ ಅಪ್ಪಣೆ ಇಲ್ಲದೆಯೂ ಜನ ತಮ್ಮತಮ್ಮಲ್ಲೇ ಕಟ್ಟುಪಾಡು ಮಾಡಿಕೊಳ್ಳಬಲ್ಲರು. ಬೆಂಗಳೂರಿನ ವಿಜಯನಗರದ ಮಾರುಕಟ್ಟೆ ಬೀದಿಯಲ್ಲಿ ಬೆಳಿಗ್ಗೆ ಇದು ಕಣ್ಣಿಗೆ ಕಾಣುತ್ತದೆ. ಹೂವಿನವರ ಜಾಗ ಯಾವುದು, ಸೊಪ್ಪಿನ ಗಾಡಿ ಎಲ್ಲಿ ನಿಲ್ಲಬೇಕು, ಎಲ್ಲರಿಗೂ ಗೊತ್ತು. ಒಬ್ಬರು ಊರಿಗೆ ಹೋದರೆ ಪಕ್ಕದವರು ಜಾಗ ಕಾಯುತ್ತಾರೆ.

ಜನ ತಾವಾಗಿಯೇ ಮಾಡಿಕೊಳ್ಳುವ ಇಂಥ ಕಟ್ಟುಪಾಡನ್ನು ಬೇರೆಬೇರೆ ದಿಕ್ಕಿನ ಇಬ್ಬರು ಚಿಂತಕರು ನಂಬಿದ್ದರು. ರಷ್ಯಾದ ಪೀಟರ್ ಕ್ರೊಪೊಟ್ಕಿನ್ ಸರ್ಕಾರವೇ ಬೇಡ ಎಂದವರು. ಬದುಕು ಉಳಿಯುವುದು ಪರಸ್ಪರ ಸಹಾಯದಿಂದ ಎಂದು 1902ರ ಪುಸ್ತಕದಲ್ಲಿ ವಾದಿಸಿದರು. ಅರ್ಥಶಾಸ್ತ್ರಜ್ಞ ಹಯೆಕ್ ನಂಬಿದ್ದು ಮುಕ್ತ ಮಾರುಕಟ್ಟೆಯನ್ನು. ಸಾವಿರಾರು ಜನರಲ್ಲಿ ಹಂಚಿಹೋದ ತಿಳಿವಳಿಕೆ ಒಂದೇ ಕಚೇರಿಯಲ್ಲಿ ಕೂಡಿಬರಲಾರದು ಎಂಬುದು ಅವರ ವಾದ. ಅದು ನಿಜ. ಮೋಡ ಕವಿದ ದಿನ ಸೇವಂತಿಗೆಯ ಬೆಲೆ ಎಷ್ಟು ಇಳಿಸಬೇಕೆಂದು ಹೂ ಮಾರುವವಳಿಗೆ ತಿಳಿದಷ್ಟು ಯಾವ ಕಡತಕ್ಕೂ ತಿಳಿಯದು.

ಆದರೆ ಎತ್ತಂಗಡಿಯ ಲಾರಿ ಬಂದಾಗ ಬಾಯಿಮಾತಿನ ಕಟ್ಟುಪಾಡು ಯಾರನ್ನೂ ಕಾಪಾಡದು. ಫುಟ್‌ಪಾತ್ ನಡೆದುಹೋಗುವ ವಯಸ್ಸಾದವರಿಗೂ ಬೇಕು. ಹಾಗಾಗಿ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಮುಖ್ಯವಾಗುತ್ತದೆ. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಅವರನ್ನು ಎಬ್ಬಿಸುವಂತಿಲ್ಲ. ಈ ಕಾಯ್ದೆಯಡಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇಕಡ 40ರಷ್ಟು ಸದಸ್ಯರು ವ್ಯಾಪಾರಿಗಳೇ. ಅವರನ್ನು ಆರಿಸುವವರೂ ವ್ಯಾಪಾರಿಗಳು. ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು ಇರಲೇಬೇಕು. ಬೀದಿಯ ಅರಿವಿಗೆ ಕಾನೂನು ಕುರ್ಚಿ ಕೊಟ್ಟ ಅಪರೂಪದ ಸಂದರ್ಭ ಇದು. ಸಮಿತಿ ಸಭೆಯೇ ಸೇರದ ಕಡೆ ಮಾತ್ರ, ಯಾರು ಎಲ್ಲಿ ಕೂರಬೇಕೆಂಬ ತೀರ್ಮಾನ ಮತ್ತೆ ಅಧಿಕಾರಿಗಳ ಕೈಗೇ ಹೋಗುತ್ತದೆ.